ಆಂಟಿಸೀರಾ ಕಂಪನಿ ಬದಲಾವಣೆ: “ಕ್ಲೋನ್ ಒಂದೇ, ವ್ಯಾಲಿಡೇಶನ್ ಬೇಡ” ಅನ್ನೋದು ಸರಿಯೇ?

ಪ್ರಶ್ನೆ: ಮಂಡ್ಯ_ಸೀರಾಲಜಿ

ಮಂಡ್ಯದ ಆಸ್ಪತ್ರೆಯೊಂದರ ಬ್ಲಡ್ ಬ್ಯಾಂಕ್. (2020ರ ತಿದ್ದುಪಡಿಯಾದ ಮೇಲೆ ಲೈಸೆನ್ಸ್‌ನಲ್ಲಿ “ಬ್ಲಡ್ ಸೆಂಟರ್” ಅಂತಿದೆ, ಬಾಯಲ್ಲಿ ಮಾತ್ರ ಇನ್ನೂ ಬ್ಯಾಂಕೇ.) ತಿಂಗಳಿಗೆ ಸುಮಾರು 400 ಯೂನಿಟ್ ಕಲೆಕ್ಷನ್, 700ರ ಆಸುಪಾಸು ಪೇಶೆಂಟ್ ಗ್ರೂಪಿಂಗ್. ಗ್ರೂಪಿಂಗ್ ಪೂರ್ತಿ ಟ್ಯೂಬ್‌ನಲ್ಲಿ, ಕ್ರಾಸ್‌ಮ್ಯಾಚ್‌ಗೆ ಮಾತ್ರ ಜೆಲ್ ಕಾರ್ಡ್.

ರೇಟ್ ಕಾಂಟ್ರ್ಯಾಕ್ಟ್ ಮುಗಿಯುತ್ತಾ ಬಂದಿದೆ. ಪರ್ಚೇಸ್‌ನವರು ಆಂಟಿಸೀರಾ (ರಕ್ತದ ಗುಂಪು ನೋಡೋಕೆ ಸೆಲ್ ಜೊತೆ ಹಾಕೋ ಆಂಟಿಬಾಡಿ ದ್ರಾವಣ) ಆದ ಆಂಟಿ-ಎ, ಆಂಟಿ-ಬಿ, ಆಂಟಿ-ಎಬಿ, ಎರಡೂ ಆಂಟಿ-ಡಿ, ಎಎಚ್‌ಜಿ (ಸೆಲ್‌ಗೆ ಹತ್ತಿದ ಆಂಟಿಬಾಡಿಯನ್ನ ಕಾಣಿಸೋ ಕೂಂಬ್ಸ್ ರಿಯೇಜೆಂಟ್), 22% ಬೋವೈನ್ ಅಲ್ಬುಮಿನ್ ಎಲ್ಲವನ್ನೂ ಒಂದೇ ಏಟಿಗೆ ಬೇರೆ ಕಂಪನಿಗೆ ಕೊಡೋ ಯೋಚನೆಯಲ್ಲಿದ್ದಾರೆ. ಬಾಟಲಿಗೆ ಮೂವತ್ತು ರೂಪಾಯಿ ಕಡಿಮೆ ಅನ್ನೋದೇ ಕಾರಣ. ಹೊಸ ಡೀಲರ್ ಹೇಳೋದು: “ಕ್ಲೋನ್ (ಆಂಟಿಬಾಡಿ ತಯಾರಿಸೋ ಸೆಲ್ ತಳಿ) ಎರಡರಲ್ಲೂ ಒಂದೇ. ಲಾಟ್ ಬದಲಾದ ಹಾಗೆ ಅಂತ ತಿಳ್ಕೊಳಿ. ಪ್ರತಿ ಲಾಟ್‌ಗೂ ಸಿಒಎ (ಗುಣಮಟ್ಟದ ಪ್ರಮಾಣಪತ್ರ) ಕೊಡ್ತೀವಿ.”

ಗೊತ್ತಾಗಬೇಕಾಗಿರೋದು ಇಷ್ಟು. ಕ್ಲೋನ್ ಒಂದೇ ಆದರೂ ಪೂರ್ತಿ ಪರೀಕ್ಷೆ ಬೇಕಾ? ಬೇಕಾದರೆ ಎಷ್ಟು ಸ್ಯಾಂಪಲ್, ಯಾವ ತರಹದ್ದು? ಎಲ್ಲವನ್ನೂ ಒಟ್ಟಿಗೆ ಬದಲಿಸಬಹುದಾ? ಹಳೇ ಆಂಟಿ-ಎ 14 ವಯಲ್, ಆಂಟಿ-ಡಿ 9 ವಯಲ್ ಇನ್ನೂ ಫ್ರಿಜ್‌ನಲ್ಲಿವೆ, ಅವನ್ನು ಏನು ಮಾಡೋದು?


ಉತ್ತರ: ಕೂಂಬ್ಸ್_ಕಂಟ್ರೋಲ್, ಮೈಸೂರು

ಡೀಲರ್ ಮಾತಿನಲ್ಲಿ ಅರ್ಧ ಸತ್ಯ ಇದೆ. ಮೊನೊಕ್ಲೋನಲ್ ಆಂಟಿಬಾಡಿಯ ಬಲ್ಕ್ ತಯಾರಿಸೋ ಕಂಪನಿಗಳು ಜಗತ್ತಿನಲ್ಲೇ ಕೆಲವೇ ಕೆಲವು. ನಮ್ಮ ಮಾರುಕಟ್ಟೆಗೆ ಬರೋ ಹಲವು ಬ್ರ್ಯಾಂಡ್‌ಗಳು ಆ ಬಲ್ಕ್ ಕೊಂಡು, ಬಫರ್‌ನಲ್ಲಿ ಡೈಲ್ಯೂಟ್ ಮಾಡಿ, ಬಣ್ಣ ಹಾಕಿ, ಬಾಟಲಿಗೆ ತುಂಬಿದ್ದು. ಹಾಗಾಗಿ ಎರಡು ಇನ್ಸರ್ಟ್‌ನಲ್ಲೂ (ಬಾಟಲಿ ಜೊತೆ ಬರೋ ಮಾಹಿತಿ ಹಾಳೆ) ಆಂಟಿ-ಎಗೆ ಬಿರ್ಮಾ-1, ಆಂಟಿ-ಬಿಗೆ ಎಲ್‌ಬಿ-2 ಅಂತಲೇ ಕಾಣಿಸಬಹುದು. ಆದರೆ ಎಷ್ಟು ಡೈಲ್ಯೂಟ್ ಮಾಡಿದ್ದಾರೆ, ಯಾವ ಪಿಎಚ್, ಯಾವ ಪ್ರೊಟೀನ್, ಯಾವ ಪ್ರಿಸರ್ವೇಟಿವ್ ಅನ್ನೋದು ಕ್ಲೋನ್ ಹೆಸರಿನಲ್ಲಿ ಇರಲ್ಲ. ಅಕ್ಕಿ ಒಂದೇ ಆದ ಮಾತ್ರಕ್ಕೆ ಎಲ್ಲರ ಮನೆ ಗಂಜಿಯೂ ಒಂದೇ ಗಟ್ಟಿ ಇರುತ್ತಾ?

ಸಿಒಎ ಕೂಡ ಅಷ್ಟೆ. ಅದು ಫ್ಯಾಕ್ಟರಿಯಿಂದ ಹೊರಟ ದಿನದ ಗುಣ ಹೇಳುತ್ತೆ. ಮಂಡ್ಯಕ್ಕೆ ಬಂದು ನಿಮ್ಮ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿದ ಮೇಲೆ ಏನಾಗುತ್ತೆ ಅನ್ನೋದನ್ನ ನೀವೇ ನೋಡಬೇಕು. ಲಾಟ್ ಬದಲಾದರೇ ಕ್ಯೂಸಿ ಮಾಡ್ತೀವಿ. ಇಲ್ಲಿ ತಯಾರಕನೇ ಬದಲಾಗ್ತಿದ್ದಾನೆ.

ಮೊದಲು ಮಾಡಬೇಕಾದ್ದು ಪರೀಕ್ಷೆ ಅಲ್ಲ, ಓದು. ಎರಡೂ ಇನ್ಸರ್ಟ್ ಪಕ್ಕಪಕ್ಕ ಇಟ್ಟು ಐದು ವಿಷಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸೆಲ್ ಸಸ್ಪೆನ್ಶನ್ ಎಷ್ಟು ಪರ್ಸೆಂಟ್, ಹನಿ ಎಷ್ಟು, ಇನ್‌ಕ್ಯುಬೇಶನ್ ಎಷ್ಟು ಹೊತ್ತು, ಸ್ಪಿನ್ ಎಷ್ಟು ಜಿ (ಗುರುತ್ವದ ಎಷ್ಟು ಪಟ್ಟು ಬಲ) ಮತ್ತು ಎಷ್ಟು ಸೆಕೆಂಡ್, ಏನೇನು ಪತ್ತೆ ಮಾಡಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕೊನೆಯದನ್ನ ಯಾರೂ ಓದಲ್ಲ. ಅದು ಯಾವಾಗಲೂ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತೆ.

ಆಮೇಲೆ ಬಾಟಲಿ. ಟ್ಯೂಬ್ ಲೈಟ್‌ಗೆ ಹಿಡಿದು ನೋಡಿ. ಮಬ್ಬು, ಎಳೆ, ತಳದಲ್ಲಿ ಗಸಿ ಇರಬಾರದು. ಆಂಟಿ-ಎ ನೀಲಿ, ಆಂಟಿ-ಬಿ ಹಳದಿ, ಆಂಟಿ-ಡಿ ಬಣ್ಣವಿಲ್ಲ. ನೀಲಿ ಹಳೇದಕ್ಕಿಂತ ತೆಳುವಾಗಿದ್ದರೆ ಅದೇ ದೋಷ ಅಲ್ಲ. ಆದರೆ ಬಣ್ಣ ನೋಡಿಯೇ “ಆಂಟಿಸೀರಾ ಹಾಕಿದ್ದೀನಿ” ಅಂತ ಖಾತ್ರಿ ಮಾಡಿಕೊಳ್ಳೋ ಕೈಗಳಿಗೆ ಮೊದಲೇ ಹೇಳಿಡಿ.

ಪರೀಕ್ಷೆ ಮೂರು: ಸ್ಪೆಸಿಫಿಸಿಟಿ (ಹಿಡಿಯಬೇಕಾದ್ದನ್ನೇ ಹಿಡಿಯುತ್ತಾ), ಅವಿಡಿಟಿ (ಎಷ್ಟು ಬೇಗ ಹಿಡಿಯುತ್ತೆ), ಟೈಟರ್ (ಎಷ್ಟು ಪಟ್ಟು ತೆಳು ಮಾಡಿದರೂ ಹಿಡಿಯುತ್ತೆ). ಹಳೇದು ಹೊಸದು ಎರಡನ್ನೂ ಅದೇ ದಿನ, ಅದೇ ಸೆಲ್ ಸಸ್ಪೆನ್ಶನ್, ಅದೇ ಕೈಯಲ್ಲಿ ಮಾಡಿ. ಹೊಸದನ್ನು ಇವತ್ತು ಮಾಡಿ ಹಳೇದರ ಹೋದ ತಿಂಗಳ ರಿಜಿಸ್ಟರ್ ಜೊತೆ ಹೋಲಿಸಿದರೆ ನೀವು ಹೋಲಿಸಿದ್ದು ಆಂಟಿಸೀರಾ ಅಲ್ಲ, ಎರಡು ದಿನದ ಸೆಲ್‌ಗಳನ್ನ.

ಸ್ಪೆಸಿಫಿಸಿಟಿಗೆ ಎ1, ಎ2 (ಎ ಗುಂಪಿನ ಒಳಬಗೆಗಳು), ಬಿ, ಒ, ಸಿಕ್ಕರೆ ಎ2ಬಿ ಸೆಲ್. ಅವಿಡಿಟಿಗೆ ಸ್ಲೈಡ್ ಮೇಲೆ ಒಂದು ಹನಿ ಸೀರಾ, ಒಂದು ಹನಿ ಸೆಲ್, ಕೈಯಲ್ಲಿ ಸ್ಟಾಪ್‌ವಾಚ್. ಡಿಜಿಎಚ್‌ಎಸ್ (ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ) ಮ್ಯಾನುಯಲ್ ಪ್ರಕಾರ ಮೊನೊಕ್ಲೋನಲ್ ಆಂಟಿ-ಎ ಎ1 ಸೆಲ್ ಜೊತೆ 3-4 ಸೆಕೆಂಡ್‌ನಲ್ಲಿ, ಎ2 ಮತ್ತು ಎ2ಬಿ ಜೊತೆ 5-6 ಸೆಕೆಂಡ್‌ನಲ್ಲಿ ಕಾಣಿಸಬೇಕು. ಟೈಟರ್ ಕನಿಷ್ಠ ಎ1ಗೆ 256, ಎ2ಗೆ 128, ಎ2ಬಿಗೆ 64. ಆಂಟಿ-ಬಿ ಬಿ ಸೆಲ್‌ಗೆ 256, ಎ1ಬಿಗೆ 128.

ಟೈಟರ್ ಮಾಡೋದು ಎಲ್ಲರಿಗೂ ಗೊತ್ತು, ಕೆಡಿಸೋದೂ ಎಲ್ಲರೂ ಒಂದೇ ಜಾಗದಲ್ಲಿ. ಹತ್ತು ಟ್ಯೂಬ್‌ಗೂ 100 ಮೈಕ್ರೋಲೀಟರ್ ಸಲೈನ್. ಮೊದಲನೇದಕ್ಕೆ 100 ಮೈಕ್ರೋಲೀಟರ್ ಸೀರಾ, ಕಲಸಿ, ಅದರಿಂದ 100 ಎರಡನೇದಕ್ಕೆ, ಹೀಗೆ ಹತ್ತನೇದರ ತನಕ, ಕೊನೆಯ 100 ಚೆಲ್ಲಿ. ಎಂಟನೇ ಟ್ಯೂಬ್ 256. ಪ್ರತಿ ಟ್ಯೂಬ್‌ಗೂ ಹೊಸ ಟಿಪ್. ಒಂದೇ ಟಿಪ್‌ನಲ್ಲಿ ಹತ್ತೂ ಮುಗಿಸಿದರೆ ಒಳಗೋಡೆಗೆ ಅಂಟಿದ ಸೀರಾ ಮುಂದಕ್ಕೆ ಹೋಗುತ್ತಾ ಟೈಟರ್ ಒಂದೆರಡು ಟ್ಯೂಬ್ ಸುಳ್ಳಾಗಿ ಏರುತ್ತೆ. ಆಮೇಲೆ ಎಲ್ಲದಕ್ಕೂ 2-3% ಸೆಲ್ 100 ಮೈಕ್ರೋಲೀಟರ್, ಸ್ಪಿನ್, ಓದು. ಓದುವಾಗ ಹತ್ತನೇ ಟ್ಯೂಬ್‌ನಿಂದ ಹಿಂದಕ್ಕೆ ಬನ್ನಿ. ಮೊದಲ ಟ್ಯೂಬ್‌ನ ಗಟ್ಟಿ ಗಡ್ಡೆ ನೋಡಿದ ಕಣ್ಣು ಆಮೇಲೆ ಇಲ್ಲದ್ದನ್ನೂ ಕಾಣುತ್ತೆ.

ಸ್ಯಾಂಪಲ್ ಎಷ್ಟು ಅಂದರೆ, ನನ್ನ ಲೆಕ್ಕ: ಎ, ಬಿ, ಒ ತಲಾ 20, ಎಬಿ 10, ಡಿ ನೆಗೆಟಿವ್ 10, ಕಾರ್ಡ್ ಬ್ಲಡ್ (ಹೊಕ್ಕುಳಬಳ್ಳಿ ರಕ್ತ) 5, ಸಿಕ್ಕಿದಷ್ಟು ವೀಕ್ ಡಿ (ಡಿ ಆಂಟಿಜನ್ ಕಡಿಮೆ ಇರೋ ಸೆಲ್). ಆದರೆ ನೂರು ಮಾಮೂಲಿ ಎ ಸ್ಯಾಂಪಲ್ ನೂರು 4+ (ಅತಿ ಗಟ್ಟಿ ಗಡ್ಡೆ) ಕೊಟ್ಟರೆ ಏನೂ ಗೊತ್ತಾಗಲ್ಲ. ಕೆಟ್ಟ ಸೀರಾನೂ ಎ1 ಸೆಲ್‌ಗೆ 4+ ಕೊಡುತ್ತೆ. ತೂಕ ಗೊತ್ತಾಗೋದು ಎ2ಬಿಯಲ್ಲಿ. ಅಲ್ಲಿ ಎ ಆಂಟಿಜನ್ ಕಡಿಮೆ, ಜೊತೆಗೆ ಬಿ ಇರುತ್ತೆ. ಆಂಟಿ-ಎ ಸ್ವಲ್ಪ ಸೊರಗಿದ್ದರೂ ಎ2ಬಿ ಮನುಷ್ಯ “ಬಿ” ಆಗಿಬಿಡ್ತಾನೆ. ರಿವರ್ಸ್‌ನಲ್ಲೂ (ಸೀರಂ ಕಡೆಯಿಂದ ಮಾಡೋ ಗ್ರೂಪಿಂಗ್) ಅವನ ಸೀರಂನಲ್ಲಿ ಆಂಟಿ-ಎ1 ಇದ್ದರೆ ಎ ಸೆಲ್ ಜೊತೆ ಹಿಡಿದು, ತಪ್ಪು ಉತ್ತರಕ್ಕೇ ತಾಳ ಹಾಕುತ್ತೆ. ಹಾಗಾಗಿ ಐದಾರು ಎಬಿ ಡೋನರ್ ಸ್ಯಾಂಪಲ್ ತೆಗೆದು ಆಂಟಿ-ಎ1 ಲೆಕ್ಟಿನ್ ಹಾಕಿ, ನೆಗೆಟಿವ್ ಬಂದವನ್ನ (ಅವೇ ಎ2ಬಿ) ಈ ಕೆಲಸಕ್ಕೆ ಎತ್ತಿಡಿ. ಲೆಕ್ಟಿನ್ ಅಂದರೆ ನಮ್ಮ ಹುರುಳಿ ಕಾಳಿನ ಸಾರವೇ. ಅದೂ ತೀರಾ ಗಟ್ಟಿಯಿದ್ದರೆ ಎ2 ಸೆಲ್‌ನೂ ಹಿಡಿಯುತ್ತೆ, ಆದ್ದರಿಂದ ಲೆಕ್ಟಿನ್ ಕಂಪನಿಯೂ ಬದಲಾಗ್ತಿದ್ದರೆ ಮೊದಲು ಅದನ್ನ ಗೊತ್ತಿರೋ ಎ1, ಎ2 ಮೇಲೆ ನೋಡಿಕೊಳ್ಳಿ.

ಎಲ್ಲಾ ಒಟ್ಟಿಗೆ ಬದಲಿಸಬೇಡಿ. ಮೊದಲ ವಾರ ಆಂಟಿ-ಎ, ಬಿ, ಎಬಿ. ನಂತರ ಆಂಟಿ-ಡಿ ಎರಡು. ಎಎಚ್‌ಜಿ ಕೊನೆಗೆ. ಒಟ್ಟಿಗೆ ಬದಲಿಸಿದ ದಿನ ಒಂದು ವೀಕ್ ಡಿ ತಪ್ಪಿದರೆ ತಪ್ಪು ಆಂಟಿ-ಡಿದೋ ಎಎಚ್‌ಜಿದೋ ಹುಡುಕೋದರಲ್ಲೇ ಮಧ್ಯಾಹ್ನ ಹೋಗುತ್ತೆ.


ಉತ್ತರ: ಹನಿಲೆಕ್ಕ

ಮೂವತ್ತು ರೂಪಾಯಿ ಕಡಿಮೆ ಅನ್ನೋದನ್ನ ನಂಬೋ ಮೊದಲು ಡ್ರಾಪರ್ ನೋಡಿ. ಹೊಸ ಬಾಟಲಿಯ ಡ್ರಾಪರ್‌ನಿಂದ ಸಣ್ಣ ಅಳತೆ ಸಿಲಿಂಡರ್‌ಗೆ 1 ಮಿ.ಲೀ. ಆಗೋ ತನಕ ಹನಿ ಎಣಿಸಿ. 25 ಹನಿ ಆದರೆ ಹನಿಗೆ 40 ಮೈಕ್ರೋಲೀಟರ್, 18 ಆದರೆ ಸುಮಾರು 55.

ಉದಾಹರಣೆಗೆ ಹಳೇದು 10 ಮಿ.ಲೀ.ಗೆ 180 ರೂಪಾಯಿ, ಹನಿ 40 ಮೈಕ್ರೋಲೀಟರ್ ಅಂದುಕೊಳ್ಳಿ. 250 ಹನಿ, ಹನಿಗೆ 72 ಪೈಸೆ. ಹೊಸದು 150 ರೂಪಾಯಿ, ಹನಿ 55. ಸುಮಾರು 181 ಹನಿ, ಹನಿಗೆ 83 ಪೈಸೆ. ಅಗ್ಗದ ಬಾಟಲಿಯೇ ದುಬಾರಿ. ಪರ್ಚೇಸ್‌ನವರಿಗೆ ಟೈಟರ್ ಅರ್ಥ ಆಗದಿದ್ದರೂ ಈ ಲೆಕ್ಕ ಒಂದೇ ನಿಮಿಷದಲ್ಲಿ ಅರ್ಥ ಆಗುತ್ತೆ.

ದುಡ್ಡು ಮಾತ್ರ ಅಲ್ಲ. ಸೆಲ್ ಹನಿಯನ್ನ ನೀವು ಪಾಶ್ಚರ್ ಪಿಪೆಟ್‌ನಲ್ಲಿ ಹಾಕ್ತೀರಿ, ಅದರ ಅಳತೆ ಬದಲಾಗಿಲ್ಲ. ಸೀರಾ ಹನಿ ಚಿಕ್ಕದಾದರೆ ಸೆಲ್‌ಗೆ ಸಿಗೋ ಆಂಟಿಬಾಡಿ ಕಡಿಮೆ ಆಯ್ತು. ಮಾಮೂಲಿ ಸ್ಯಾಂಪಲ್‌ನಲ್ಲಿ ಕಾಣಲ್ಲ, ಮೇಲೆ ಹೇಳಿದ ಎ2ಬಿಯಲ್ಲಿ ಕಾಣುತ್ತೆ. ಬಾಟಲಿಯನ್ನ ಓರೆ ಹಿಡಿದರೆ ಒಂದು ಅಳತೆ, ನೇರ ಹಿಡಿದರೆ ಇನ್ನೊಂದು. ನೇರ ಹಿಡಿಯೋದನ್ನೇ ರೂಢಿ ಮಾಡಿಸಿ.

ಇನ್ನೊಂದು: ಹಳೇ ಬಾಟಲಿಯ ತಳದಲ್ಲಿ ಉಳಿದದ್ದನ್ನ ಹೊಸದಕ್ಕೆ ಸುರಿಯೋ ಅಭ್ಯಾಸ ಎಲ್ಲಾದರೂ ಇದ್ದರೆ ಈಗಲೇ ನಿಲ್ಲಿಸಿ. ಎರಡು ಲಾಟ್ ಬೆರೆತ ಬಾಟಲಿಗೆ ಲಾಟ್ ನಂಬರ್ ಏನಂತ ಬರೀತೀರಿ?


ಉತ್ತರ: ಡಿ_ನೆಗೆಟಿವ್

ಆಂಟಿ-ಡಿ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಯಾಕಂದ್ರೆ ಕಂಪನಿ ಬದಲಾದಾಗ ಹೆಚ್ಚು ಗೋಜಲಾಗೋದು ಇಲ್ಲೇ.

ಎರಡು ಆಂಟಿ-ಡಿ ಬಳಸೋದು ಎರಡು ಬಾಟಲಿ ಇರಲಿ ಅಂತಲ್ಲ, ಎರಡು ಬೇರೆ ಕ್ಲೋನ್ ಇರಲಿ ಅಂತ. ಒಂದು ಐಜಿಎಂ (ಸೆಲ್‌ಗಳನ್ನ ನೇರವಾಗಿ ಗಡ್ಡೆ ಕಟ್ಟಿಸೋ ಆಂಟಿಬಾಡಿ) ಮಾತ್ರ ಇರೋದು, ಇನ್ನೊಂದು ಐಜಿಎಂ-ಐಜಿಜಿ ಬ್ಲೆಂಡ್ (ಐಜಿಜಿ ಕಾಣೋದು ಎಎಚ್‌ಜಿ ಹಾಕಿದ ಮೇಲೆ). ಬೇರೆ ಬೇರೆ ಕಂಪನಿಯಿಂದ ತಗೊಂಡರೆ ಕ್ಲೋನೂ ಬೇರೆ ಅಂದುಕೊಳ್ಳೋದು ತಪ್ಪು. ಬಲ್ಕ್ ಎಲ್ಲಿಂದ ಬರುತ್ತೆ ಅಂತ ಮೇಲೆ ಹೇಳಿದ್ದಾರೆ. ಲೇಬಲ್ ಎರಡು, ಒಳಗಿರೋದು ಒಂದೇ ಆಗಿರಬಹುದು. ಇನ್ಸರ್ಟ್‌ನಲ್ಲಿ ಕ್ಲೋನ್ ಹೆಸರು ಹುಡುಕಿ. ಕ್ಲೋನ್ ಬರೆಯದ ಇನ್ಸರ್ಟ್ ಇದ್ದರೆ ಆ ಬಾಟಲಿ ವಾಪಸ್ ಕೊಡಿ.

ಉದಾಹರಣೆಗೆ ಐಜಿಎಂ ಕ್ಲೋನ್ ರಮ್-1 ಪಾರ್ಶಿಯಲ್ ಡಿ 6 (ಡಿ ಆಂಟಿಜನ್‌ನ ಕೆಲವು ಭಾಗ ಇಲ್ಲದ ಬಗೆ) ಸೆಲ್‌ಗಳನ್ನ ಹಿಡಿಯಲ್ಲ. ಪೇಶೆಂಟ್ ಟೈಪಿಂಗ್‌ಗೆ ಅದು ದೋಷ ಅಲ್ಲ, ಅನುಕೂಲ. ಆ ಪೇಶೆಂಟ್ ನೆಗೆಟಿವ್ ಅಂತ ಬಂದು ನೆಗೆಟಿವ್ ರಕ್ತ ತಗೊಂಡರೆ ಆಂಟಿ-ಡಿ ಹುಟ್ಟೋ ಭಯ ಇಲ್ಲ. ಡೋನರ್‌ಗೆ ಇದೇ ತಲೆಕೆಳಗು. ಡೋನರ್‌ನ ಒಂದಿಷ್ಟು ಡಿ ಕೂಡ ತಪ್ಪಬಾರದು. ಹಾಗಾಗಿ ಟಿಎಚ್-28/ಎಂಎಸ್-26 ತರಹದ ಬ್ಲೆಂಡ್‌ನಲ್ಲಿ ಐಜಿಎಂ ಕೈಬಿಟ್ಟಿದ್ದನ್ನ ಎಎಚ್‌ಜಿ ಹಂತದಲ್ಲಿ ಐಜಿಜಿ ಭಾಗ ಹಿಡಿಯುತ್ತೆ. ನಮ್ಮಲ್ಲಿ ನಡೆಯೋ ಕ್ರಮ: ವೀಕ್ ಡಿ ಡೋನರ್ ಆದರೆ ಯೂನಿಟ್ ಪಾಸಿಟಿವ್, ಅದೇ ಮನುಷ್ಯ ಪೇಶೆಂಟ್ ಆಗಿ ಬಂದರೆ ನೆಗೆಟಿವ್.

ಈಗ ಕ್ಲೋನ್ ಬದಲಾದರೆ ಏನಾಗುತ್ತೆ ನೋಡಿ. ಹಳೇ ಸೀರಾದಲ್ಲಿ ಇಮ್ಮಿಡಿಯೇಟ್ ಸ್ಪಿನ್‌ನಲ್ಲೇ (ಇನ್‌ಕ್ಯುಬೇಶನ್ ಇಲ್ಲದೆ ತಕ್ಷಣ ತಿರುಗಿಸಿ ಓದೋದು) 2+ ಬರುತ್ತಿದ್ದ ಡೋನರ್, ಹೊಸದರಲ್ಲಿ ಎಎಚ್‌ಜಿ ತನಕ ಹೋಗಿ ಕಾಣಿಸಬಹುದು. ನಾಲ್ಕು ಸಲ ಪಾಸಿಟಿವ್ ಕಾರ್ಡ್ ತಗೊಂಡು ಹೋದ ಮನುಷ್ಯ ಐದನೇ ಸಲ ವೀಕ್ ಡಿ. ರಿಜಿಸ್ಟರ್ ತಪ್ಪಾ, ಸ್ಯಾಂಪಲ್ ಅದಲುಬದಲಾ, ರಿಯೇಜೆಂಟಾ? ಈ ಪ್ರಶ್ನೆ ಬಂದಾಗ ಯಾರು ನಿರ್ಧಾರ ಮಾಡಬೇಕು, ಏನು ಬರೀಬೇಕು ಅನ್ನೋದು ಬದಲಾವಣೆಯ ಮೊದಲೇ ಎಸ್‌ಒಪಿಯಲ್ಲಿ (ಲಿಖಿತ ಕಾರ್ಯವಿಧಾನ) ಇರಲಿ. ಹೊಸ ಸ್ಯಾಂಪಲ್ ತೆಗೆದು ಎರಡೂ ಕ್ಲೋನ್‌ನಲ್ಲಿ ಮಾಡೋ ತನಕ ಯೂನಿಟ್ ಕ್ವಾರಂಟೈನ್‌ನಲ್ಲಿ ಇರಲಿ.

ಐಜಿಎಂ ಆಂಟಿ-ಡಿಗೆ ಮ್ಯಾನುಯಲ್‌ನಲ್ಲಿರೋ ಟೈಟರ್ ಇಮ್ಮಿಡಿಯೇಟ್ ಸ್ಪಿನ್‌ನಲ್ಲಿ 64-128, 37°ಸೆ.ನಲ್ಲಿ 30-45 ನಿಮಿಷ ಇಟ್ಟ ಮೇಲೆ 128-256. ಬ್ಲೆಂಡ್‌ಗೆ ಇಮ್ಮಿಡಿಯೇಟ್ ಸ್ಪಿನ್‌ನಲ್ಲಿ 32-64. ಬ್ಲೆಂಡ್ ಕಡಿಮೆ ತೋರಿಸಿತು ಅಂತ ಗಾಬರಿ ಬೇಡ, ಅದರ ಸ್ವಭಾವವೇ ಅದು.

ಮತ್ತೆ ಆರ್‌ಎಚ್ ಕಂಟ್ರೋಲ್. ಅದು ಅದೇ ಕಂಪನಿಯ ಆಂಟಿ-ಡಿಯ ದ್ರಾವಣ, ಆಂಟಿಬಾಡಿ ಒಂದು ಬಿಟ್ಟು. ಹಳೇ ಕಂಪನಿಯ ಕಂಟ್ರೋಲ್ ಉಳಿದಿದೆ ಅಂತ ಹೊಸ ಆಂಟಿ-ಡಿ ಜೊತೆ ಬಳಸಿದರೆ ಅದು ಏನನ್ನೂ ಕಂಟ್ರೋಲ್ ಮಾಡ್ತಿಲ್ಲ. ಎಬಿ ಪಾಸಿಟಿವ್ ಅಂತ ಬಂದ ಪ್ರತಿ ಪೇಶೆಂಟ್‌ಗೂ ಕಂಟ್ರೋಲ್ ಬೇಕೇ ಬೇಕು. ಎ, ಬಿ, ಡಿ ಮೂರೂ ಹಿಡಿದಾಗ ಸುಮ್ಮನೆ ಎಲ್ಲದಕ್ಕೂ ಹಿಡಿಯೋ ಸೆಲ್ ಅಲ್ಲ ಅಂತ ತೋರಿಸೋ ನೆಗೆಟಿವ್ ಟ್ಯೂಬ್ ಒಂದೂ ಇರಲ್ಲವಲ್ಲ.


ಉತ್ತರ: ವಾಶ್_ನಾಲ್ಕು_ಸಲ

ಎಎಚ್‌ಜಿ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ.

ಕೂಂಬ್ಸ್ ಕಂಟ್ರೋಲ್ ಸೆಲ್ ಹಾಕಿ 4+ ಬಂತು, ಎಎಚ್‌ಜಿ ಪಾಸ್ ಅಂತ ಬರೆಯೋದು ಎಲ್ಲೆಲ್ಲೂ ಇದೆ. ಕಂಟ್ರೋಲ್ ಸೆಲ್‌ಗೆ ಐಜಿಜಿ ಜಾಸ್ತಿ ಹತ್ತಿದ್ದರೆ ಅರ್ಧ ಸತ್ತ ಎಎಚ್‌ಜಿಯೂ ಅದನ್ನ ಹಿಡಿಯುತ್ತೆ. ಕಂಟ್ರೋಲ್ ಸೆಲ್ 2+ ಇಂದ 3+ ಒಳಗೆ ಇರೋ ಹಾಗೆ ತಯಾರಿಸಿ: ಒ ಪಾಸಿಟಿವ್ ಪೂಲ್ ಮಾಡಿದ ಸೆಲ್, ಡೈಲ್ಯೂಟ್ ಮಾಡಿದ ಐಜಿಜಿ ಆಂಟಿ-ಡಿ, 37°ಸೆ. 30 ನಿಮಿಷ, ನಾಲ್ಕು ವಾಶ್. ಬ್ಲೆಂಡ್ ಬಳಸಬೇಡಿ, ಅದರ ಐಜಿಎಂ ಮೊದಲೇ ಸೆಲ್‌ಗಳನ್ನ ಹಿಡಿದುಬಿಡುತ್ತೆ.

ಹೋಲಿಕೆಗೆ: ಐಜಿಜಿ ಆಂಟಿ-ಡಿಯನ್ನ ಇನ್ನೂ ತೆಳು ಮಾಡಿ ಹಳೇ ಎಎಚ್‌ಜಿಗೆ 1+ ಬರೋ ಮಟ್ಟಕ್ಕೆ ತನ್ನಿ. ಅದೇ ಸೆಲ್‌ಗೆ ಹೊಸ ಎಎಚ್‌ಜಿ ಹಾಕಿ. ಅಲ್ಲೂ 1+ ಅಥವಾ ಮೇಲೆ ಬಂದರೆ ಸರಿ. ಜೊತೆಗೆ ಆಂಟಿಬಾಡಿ ಹತ್ತದ ಎ, ಬಿ, ಒ ಸೆಲ್‌ಗಳಿಗೆ ಬರೀ ಎಎಚ್‌ಜಿ ಹಾಕಿ ನೆಗೆಟಿವ್ ಬರಬೇಕು. ಪಾಲಿಸ್ಪೆಸಿಫಿಕ್ ಅಂತ ಲೇಬಲ್‌ನಲ್ಲಿದ್ದರೆ ಆಂಟಿ-ಸಿ3ಡಿ (ಕಾಂಪ್ಲಿಮೆಂಟ್ ಹಿಡಿಯೋ ಆಂಟಿಬಾಡಿ) ಇದೆಯಾ ನೋಡಿ.

ಹೊಸ ಎಎಚ್‌ಜಿ ವೀಕ್ ಅನ್ನಿಸಿದರೆ ಕಂಪನಿಯನ್ನ ಬಯ್ಯೋ ಮೊದಲು ವಾಶಿಂಗ್ ನೋಡಿ. ಟ್ಯೂಬ್‌ನಲ್ಲಿ ಒಂದು ತೊಟ್ಟು ಸೀರಂ ಉಳಿದರೂ ಅದರ ಐಜಿಜಿ ಎಎಚ್‌ಜಿಯನ್ನ ಮೊದಲೇ ನುಂಗಿಹಾಕುತ್ತೆ. ಕೊನೇ ವಾಶ್ ಆದ ಮೇಲೆ ಟ್ಯೂಬ್ ಬಗ್ಗಿಸಿ ಬಾಯಿಯನ್ನ ಟಿಶ್ಯೂಗೆ ಒತ್ತಿ, ಹನಿ ನಿಲ್ಲಬಾರದು.

ಜೆಲ್ ಕಾರ್ಡ್ ಬದಲಾಗ್ತಿಲ್ಲ ಅಂದ್ರೆ ಪುಣ್ಯ. ಕಾರ್ಡ್ ಬದಲಾದರೆ ಸೆಂಟ್ರಿಫ್ಯೂಜ್, ಇನ್‌ಕ್ಯುಬೇಟರ್, ಡೈಲ್ಯುಯೆಂಟ್ ಎಲ್ಲಾ ಅದರ ಹಿಂದೆಯೇ ಬದಲಾಗಬೇಕು. ಒಂದು ಕಂಪನಿಯ ಕಾರ್ಡ್, ಇನ್ನೊಂದರ ಲಿಸ್ (ಕಡಿಮೆ ಉಪ್ಪಿನ ದ್ರಾವಣ) ಡೈಲ್ಯುಯೆಂಟ್ ಬೆರೆಸೋ ಹಾಗಿಲ್ಲ. ಲಿಸ್ ಬದಲು ಸಲೈನ್‌ನಲ್ಲಿ ಸೆಲ್ ಕಲಸಿದರೆ 15 ನಿಮಿಷದ ಇನ್‌ಕ್ಯುಬೇಶನ್ ಸಾಲಲ್ಲ, ಆಂಟಿಬಾಡಿ ತಪ್ಪುತ್ತೆ. ಕಾರ್ಡ್ ಪೆಟ್ಟಿಗೆ ಮೇಲೆ 18-25°ಸೆ. ಅಂತ ಇದ್ದರೆ ಒಂದು ಮಾತು ನೆನಪಿರಲಿ: ಏಪ್ರಿಲ್‌ನಲ್ಲಿ ಮಂಡ್ಯದ “ರೂಮ್ ಟೆಂಪರೇಚರ್” 25 ಅಲ್ಲ.


ಉತ್ತರ: ಟೆಂಡರ್_ಕವರ್_ಎರಡು

ಸರ್ಕಾರಿ ಆಸ್ಪತ್ರೆಯಾದರೆ 1999ರ ಕೆಟಿಪಿಪಿ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ಕಾಯ್ದೆಯ ಪ್ರಕಾರ ಟೆಂಡರ್, ಟ್ರಸ್ಟ್ ಆಸ್ಪತ್ರೆಯಾದರೆ ನಿಮ್ಮದೇ ಕಮಿಟಿ. ಎರಡರಲ್ಲೂ ಜಗಳ ಒಂದೇ: ಬೆಲೆ ತೆರೆದ ಮೇಲೆ “ಕ್ವಾಲಿಟಿ ಸರಿಯಿಲ್ಲ” ಅಂದರೆ ಯಾರೂ ಕೇಳಲ್ಲ. ಆದ್ದರಿಂದ ಟೆಕ್ನಿಕಲ್ ಕವರ್ ಹಂತದಲ್ಲೇ ಮೂರು ವಯಲ್ ಸ್ಯಾಂಪಲ್ ಕೇಳಿ, ಮೇಲೆ ಹೇಳಿದ ಪರೀಕ್ಷೆ ಮಾಡಿ, ಫೇಲ್ ಆದವರ ಬೆಲೆ ಕವರ್ ತೆರೆಯೋದೇ ಬೇಡ ಅನ್ನೋ ಷರತ್ತು ಮೊದಲೇ ಬರೆದಿರಿ. ಸ್ಪೆಸಿಫಿಕೇಶನ್‌ನಲ್ಲಿ ಬ್ರ್ಯಾಂಡ್ ಹೆಸರು ಬರೆದರೆ ಆಕ್ಷೇಪಣೆ ಬರುತ್ತೆ. ಟೈಟರ್, ಅವಿಡಿಟಿ, ಕ್ಲೋನ್ ನಮೂದು ಕಡ್ಡಾಯ ಅಂತ ಬರೆದರೆ ಯಾರೂ ತಕರಾರು ತೆಗೆಯೋಕಾಗಲ್ಲ.

ಷರತ್ತಿನಲ್ಲಿ ಇರಲೇಬೇಕಾದವು: ಬಂದ ದಿನ ಎಕ್ಸ್‌ಪೈರಿಗೆ ಒಟ್ಟು ಆಯುಷ್ಯದ ಮುಕ್ಕಾಲು ಭಾಗ ಬಾಕಿ ಇರಬೇಕು. ಆರು ತಿಂಗಳ ಮಾಲು ಆದಷ್ಟು ಒಂದೇ ಲಾಟ್‌ನದು, ಬೇಕಾದಾಗ ಕಂತಿನಲ್ಲಿ ಕಳಿಸಬೇಕು. ಕ್ಲೋನ್ ಬದಲಾದರೆ ಮೊದಲೇ ಲಿಖಿತ ಸೂಚನೆ. ಇನ್‌ಹೌಸ್ ಕ್ಯೂಸಿಯಲ್ಲಿ ಫೇಲ್ ಆದ ಲಾಟ್ ಖರ್ಚಿಲ್ಲದೆ ವಾಪಸ್. ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಲೈಸೆನ್ಸ್ ಪ್ರತಿ, ಇಲ್ಲಿನ ತಯಾರಿಕೆಯಾದರೆ ಎಂಡಿ-9, ಇಂಪೋರ್ಟ್ ಆದರೆ ಎಂಡಿ-15. ಡೀಲರ್ ಲೈಸೆನ್ಸ್ ತೋರಿಸಿ ತಯಾರಕನ ಲೈಸೆನ್ಸ್ ತಪ್ಪಿಸೋದು ಹಳೇ ಆಟ.

ಸಾಗಣೆ. ಬೆಂಗಳೂರಿಂದ ಮಂಡ್ಯ ನೂರು ಕಿಲೋಮೀಟರ್ ಅಂತ ಡೀಲರ್ ಥರ್ಮೋಕೋಲ್ ಡಬ್ಬಿಯನ್ನ ಬಸ್ ಪಾರ್ಸೆಲ್‌ಗೆ ಹಾಕಿಬಿಡ್ತಾರೆ. ಮಧ್ಯಾಹ್ನದ ಬಸ್ಸಿನ ಡಿಕ್ಕಿ ಒಲೆ ಇದ್ದ ಹಾಗೆ. ಇನ್ನೊಂದು ಕಡೆ, ಐಸ್‌ಪ್ಯಾಕ್‌ಗೆ ನೇರ ತಾಗಿದ ವಯಲ್ ಫ್ರೀಜ್ ಆಗುತ್ತೆ. ಅದೂ ಕೆಟ್ಟ ಹಾಗೆಯೇ. ಬೇಕಾದ್ದು 2-8°ಸೆ. ಡಬ್ಬಿ ತೆರೆದ ತಕ್ಷಣ ಒಳಗೆ ಥರ್ಮಾಮೀಟರ್ ಇಟ್ಟು ಓದಿ, ಡೆಲಿವರಿ ಚಲನ್ ಮೇಲೇ ಬರೆದು ಸಹಿ ಹಾಕಿಸಿ. ಶನಿವಾರ ಮಧ್ಯಾಹ್ನದ ಮೇಲೆ ಬಂದ ಪಾರ್ಸೆಲ್ ಸೆಕ್ಯುರಿಟಿ ಟೇಬಲ್ ಮೇಲೆ ಸೋಮವಾರದ ತನಕ ಕೂತಿರುತ್ತೆ, ಹಾಗಾಗಿ ಡೆಲಿವರಿ ಸೋಮವಾರದಿಂದ ಗುರುವಾರ ಅಂತಲೇ ಷರತ್ತಿನಲ್ಲಿ ಬರೆದುಬಿಡಿ.

ದಸರಾ ಹತ್ತಿರ ಬದಲಾವಣೆ ಇಟ್ಟುಕೊಳ್ಳಬೇಡಿ. ಆಯುಧಪೂಜೆಗೆ ಸೆಂಟ್ರಿಫ್ಯೂಜ್‌ಗೆ ಕುಂಕುಮ ಹಚ್ಚೋ ದಿನ ಡೀಲರ್ ಫೋನ್ ಎತ್ತಲ್ಲ.


ಮರುಪ್ರಶ್ನೆ: ಮಂಡ್ಯ_ಸೀರಾಲಜಿ

ಎಲ್ಲರಿಗೂ ವಂದನೆ. ಸ್ಯಾಂಪಲ್ ವಯಲ್ ಬಂದಿದೆ, ಆಂಟಿ-ಎ ಹೋಲಿಕೆ ಆಯ್ತು. ಎ1 ಸೆಲ್, ಟಿಪ್ ಪ್ರತಿ ಟ್ಯೂಬ್‌ಗೂ ಹೊಸದು. ಮೊದಲ ಟ್ಯೂಬ್‌ನಿಂದ ಎಂಟನೇದರ ತನಕ:

ಹಳೇದು: 4+, 4+, 4+, 3+, 3+, 2+, 1+, 1+
ಹೊಸದು: 4+, 3+, 3+, 2+, 2+, 1+, 1+, 1+

ಒಂಬತ್ತು, ಹತ್ತು ಎರಡರಲ್ಲೂ ನೆಗೆಟಿವ್. ಅಂದರೆ ಎರಡೂ 256, ಪಾಸ್ ಅಂತಾರೆ ಡೀಲರ್. ಆದರೆ ಲೆಕ್ಟಿನ್ ನೆಗೆಟಿವ್ ಬಂದ ಒಂದು ಎಬಿ ಸ್ಯಾಂಪಲ್ ಹಳೇದರಲ್ಲಿ 3+, ಹೊಸದರಲ್ಲಿ 1+. ಡ್ರಾಪರ್ ಹನಿ ಎರಡರಲ್ಲೂ ಹತ್ತಿರ ಹತ್ತಿರ 45 ಮೈಕ್ರೋಲೀಟರ್. ಸ್ಪಿನ್ ಎರಡಕ್ಕೂ ಮೊದಲಿನ ಹಾಗೆ 1000 ಆರ್‌ಪಿಎಂ, 1 ನಿಮಿಷ. ರಿಜೆಕ್ಟ್ ಮಾಡಬಹುದಾ?


ಉತ್ತರ: ಕೂಂಬ್ಸ್_ಕಂಟ್ರೋಲ್, ಮೈಸೂರು

ಟೈಟರ್ ಕೊನೇ ಟ್ಯೂಬ್ ಮಾತ್ರ ನೋಡುತ್ತೆ. ಸ್ಕೋರ್ ಹಾಕಿ ನೋಡಿ: 4+ಗೆ 12, 3+ಗೆ 10, 2+ಗೆ 8, 1+ಗೆ 5. ನಿಮ್ಮ ಹಳೇದು 74, ಹೊಸದು 63. ವ್ಯತ್ಯಾಸ 11. ಹತ್ತು ಅಥವಾ ಮೇಲಿದ್ದರೆ ಅದು ಕೈಚಳಕದ ವ್ಯತ್ಯಾಸ ಅಲ್ಲ, ನಿಜವಾದದ್ದು. ಎ2ಬಿ ಕೂಡ ಅದನ್ನೇ ಹೇಳ್ತಿದೆ.

ಆದರೂ ಇನ್ನೂ ರಿಜೆಕ್ಟ್ ಮಾಡಬೇಡಿ. “ಮೊದಲಿನ ಹಾಗೆ 1000 ಆರ್‌ಪಿಎಂ” ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಹೊಸ ಇನ್ಸರ್ಟ್‌ನಲ್ಲಿ ಸ್ಪಿನ್ ಎಷ್ಟು ಜಿ ಅಂತಿದೆ? ಆರ್‌ಪಿಎಂ ಅಲ್ಲ, ಜಿ.


ಮಂಡ್ಯ_ಸೀರಾಲಜಿ

500 ಜಿ, 20 ಸೆಕೆಂಡ್. ಹಳೇದರಲ್ಲಿ 1000 ಆರ್‌ಪಿಎಂ, 1 ನಿಮಿಷ ಅಂತ ಮಾತ್ರ ಇದೆ. ನಮ್ಮ ರೋಟರ್ ಮಧ್ಯದಿಂದ ಟ್ಯೂಬ್ ತಳಕ್ಕೆ 10 ಸೆಂ.ಮೀ.


ಉತ್ತರ: ಕೂಂಬ್ಸ್_ಕಂಟ್ರೋಲ್, ಮೈಸೂರು

ಹಾಗಾದರೆ ಲೆಕ್ಕ ಹೀಗೆ. ಜಿ = 0.00001118 × ತ್ರಿಜ್ಯ ಸೆಂ.ಮೀ.ನಲ್ಲಿ × ಆರ್‌ಪಿಎಂ ವರ್ಗ. ನಿಮ್ಮ 10 ಸೆಂ.ಮೀ. ರೋಟರ್‌ನಲ್ಲಿ 1000 ಆರ್‌ಪಿಎಂ ಅಂದರೆ ಬರೀ 112 ಜಿ. ಹೊಸ ಸೀರಾಗೆ ಬೇಕಾದ್ದರ ಕಾಲು ಭಾಗವೂ ಇಲ್ಲ. 500 ಜಿ ಬರಬೇಕಾದರೆ ಸುಮಾರು 2115 ಆರ್‌ಪಿಎಂ. ನಿಮ್ಮ ನಾಬ್ 2100ಕ್ಕೆ ನಿಂತರೆ 493 ಜಿ, ಸಾಕು.

ಆದರೆ ನಾಬ್ ತಿರುಗಿಸಿ ನೇರ ಟೆಸ್ಟ್‌ಗೆ ಹೋಗಬೇಡಿ. ಮೊದಲು ಟ್ಯಾಕೋಮೀಟರ್ ಹಿಡಿದು 2100 ನಿಜವಾಗಲೂ 2100 ಇದೆಯಾ ನೋಡಿ. ಆಮೇಲೆ ಒಂದು ನೆಗೆಟಿವ್ ಟ್ಯೂಬ್, ಒಂದು 1+ ಟ್ಯೂಬ್ ಇಟ್ಟು 15, 20, 30 ಸೆಕೆಂಡ್ ತಿರುಗಿಸಿ. ಮೂರು ನೋಡಿ: ಬಟನ್ ಅಂಚು ಚೊಕ್ಕವಾಗಿದೆಯಾ, ನೆಗೆಟಿವ್ ಟ್ಯೂಬ್ ಮೆಲ್ಲಗೆ ಅಲ್ಲಾಡಿಸಿದರೆ ಸೆಲ್ ಹೊಗೆಯ ಹಾಗೆ ಬಿಟ್ಟುಕೊಳ್ಳುತ್ತಾ, 1+ ಟ್ಯೂಬ್ 1+ ಆಗೇ ಉಳಿದಿದೆಯಾ. ಜಾಸ್ತಿ ತಿರುಗಿದರೆ ನೆಗೆಟಿವ್ ಸೆಲ್ ಕೂಡ ಕಚ್ಚಿಕೊಂಡು ಬಿಡಲ್ಲ, ಅದನ್ನ ಪಾಸಿಟಿವ್ ಅಂತ ಓದಿಬಿಡ್ತಾರೆ. ಮೂರೂ ಸರಿ ಬರೋ ಅತಿ ಕಡಿಮೆ ಸಮಯ ಆರಿಸಿ. ಆ ಸ್ಪಿನ್‌ನಲ್ಲಿ ಹೊಸದನ್ನ, ಹಳೇ ಸ್ಪಿನ್‌ನಲ್ಲಿ ಹಳೇದನ್ನ ಮತ್ತೆ ಮಾಡಿ.


ಮಂಡ್ಯ_ಸೀರಾಲಜಿ

ಟ್ಯಾಕೋಮೀಟರ್‌ನಲ್ಲಿ 2100ಕ್ಕೆ 2080 ಬಂತು. 20 ಸೆಕೆಂಡ್ ಸರಿಹೋಯ್ತು, 30ಕ್ಕೆ ನೆಗೆಟಿವ್ ಟ್ಯೂಬ್ ಬಿಡೋಕೆ ತಡ ಮಾಡ್ತಿತ್ತು. ಹೊಸ ಆಂಟಿ-ಎ: 4+, 4+, 3+, 3+, 2+, 2+, 1+, 1+. ಸ್ಕೋರ್ 70. ಹಳೇದು ಮತ್ತೆ 74. ಅದೇ ಎಬಿ ಸ್ಯಾಂಪಲ್ ಈಗ ಹೊಸದರಲ್ಲಿ 3+.

ಅಂದರೆ ತಗೋಬಹುದು. ಹಳೇ 14 ವಯಲ್ ಜೊತೆಗೇ ಖರ್ಚು ಮಾಡ್ತಾ ಹೋಗಬಹುದಾ?


ಉತ್ತರ: ವಾಶ್_ನಾಲ್ಕು_ಸಲ

ಬೇಡವೇ ಬೇಡ. ಒಂದೇ ಬೆಂಚ್ ಮೇಲೆ ಎರಡು ಸ್ಪಿನ್ ಇದ್ದರೆ ರಾತ್ರಿ ಡ್ಯೂಟಿಯವರು ಹಳೇದನ್ನ 2100ಕ್ಕೋ ಹೊಸದನ್ನ 1000ಕ್ಕೋ ತಿರುಗಿಸಿಯೇ ತೀರ್ತಾರೆ. ಹಳೇ ಆಂಟಿ-ಎ ಮುಗಿಯೋ ತನಕ ಹೊಸದನ್ನ ತೆರೆಯಬೇಡಿ, ಇಲ್ಲವೇ ಒಂದು ಸೋಮವಾರ ಬೆಳಿಗ್ಗೆ ಗೊತ್ತುಮಾಡಿ ಪೂರ್ತಿ ಬದಲಿಸಿ. ಆಂಟಿ-ಬಿ, ಎಬಿ ಕೂಡ ಅದೇ ದಿನ, ಯಾಕಂದ್ರೆ ಮೂರೂ ಟ್ಯೂಬ್ ಒಂದೇ ಸ್ಪಿನ್‌ನಲ್ಲಿ ಹೋಗುತ್ತೆ. ಆಂಟಿ-ಡಿ ಇನ್ನೂ ಹಳೇ ಕಂಪನಿಯದಾದರೆ ಅದೂ 500 ಜಿಯಲ್ಲಿ ಸರಿ ಇದೆಯಾ ಅಂತ ಡಿ ನೆಗೆಟಿವ್ ಸೆಲ್ ಇಟ್ಟು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಈ ಒಂದು ವಿಷಯಕ್ಕೆ ಮಾತ್ರ ಆಂಟಿ-ಡಿಯನ್ನೂ ಜೊತೆಗೇ ಬದಲಿಸೋದು ವಾಸಿ.

ಬದಲಿಸಿದ ದಿನ ಹಳೇ ಎಸ್‌ಒಪಿ ಹಾಳೆ ಗೋಡೆಯಿಂದ ಇಳಿಯಬೇಕು, ಸೆಂಟ್ರಿಫ್ಯೂಜ್ ಮೇಲೆ 2100/20 ಅಂತ ದಪ್ಪ ಅಕ್ಷರದ ಚೀಟಿ ಅಂಟಬೇಕು, ಎಲ್ಲಾ ಶಿಫ್ಟ್‌ನವರೂ ಐದೈದು ಗೊತ್ತಿರೋ ಸ್ಯಾಂಪಲ್ ಮಾಡಿ ಸಹಿ ಹಾಕಬೇಕು.


ಉತ್ತರ: ಡಿ_ನೆಗೆಟಿವ್

ಹಳೇದರಲ್ಲಿ ಪ್ರತಿಯೊಂದರ ಎರಡೆರಡು ವಯಲ್ ಸೀಲ್ ಒಡೆಯದೆ ಉಳಿಸಿ, ಫ್ರಿಜ್‌ನ ಬೇರೆ ಶೆಲ್ಫ್‌ನಲ್ಲಿ, “ಹೋಲಿಕೆಗೆ ಮಾತ್ರ, 1000/1 ನಿಮಿಷ” ಅಂತ ಬರೆದು. ಮುಂದೆ ಯಾವುದಾದರೂ ಹಳೇ ಡೋನರ್ ಗ್ರೂಪ್ ಹೊಂದಲಿಲ್ಲ ಅಂದ್ರೆ ಅದೇ ಸ್ಯಾಂಪಲ್ ಹಳೇದರಲ್ಲೂ ಮಾಡಿ ನೋಡೋಕೆ ಬೇಕಾಗುತ್ತೆ. ಎಕ್ಸ್‌ಪೈರಿ ಆದ ದಿನ ತೆಗೆದುಹಾಕಿ.